ಡ್ರೋನ್‌ಗೆ ಕಾಂತ ಕಟ್ಟಿದರೆ ವಿದ್ಯುತ್ ಬರುವುದೇ?

ಕೊಡಗಿನ ಶಾಲೆಯೊಂದರಲ್ಲಿ ಏರ್ಪಾಡಾಗಿದ್ದ ವಿಜ್ಞಾನ ವಸ್ತುಪ್ರದರ್ಶನಕ್ಕೆ ತೀರ್ಪುಗಾರರಲ್ಲಿ ಒಬ್ಬನಾಗಿ ಹೋಗಿದ್ದೆ. ಜ್ವಾಲಾಮುಖಿ, ಮಳೆನೀರು ಕೊಯ್ಲು, ಹೃದಯದ ಮಾದರಿ ಇವೆಲ್ಲ ಪ್ರತಿವರ್ಷದಂತೆ ಸಾಲಾಗಿ ಇದ್ದವು. ಆದರೆ ಜನ ಮುತ್ತಿಕೊಂಡಿದ್ದುದು ಮೂಲೆಯ ಒಂದು ಮೇಜನ್ನು. ಅಲ್ಲಿ ನಾಲ್ಕು ತೋಳುಗಳ ಒಂದು ಡ್ರೋನ್ ಇತ್ತು. ಪ್ರತಿ ತೋಳಿನ ತುದಿಯಲ್ಲೂ, ಮುಖ್ಯ ಮೋಟರಿನ ಕೆಳಗೆ, ಹಳೆಯ ಸಿ.ಡಿ. ಡ್ರೈವ್‌ನಿಂದ ಬಿಚ್ಚಿದ ಪುಟ್ಟ ಮೋಟರೊಂದನ್ನು ರಬ್ಬರ್ ಉಂಗುರದ ಮೂಲಕ ಜೋಡಿಸಿದ್ದರು. ಅದರ ಸುತ್ತ ಹೊಳೆಯುವ ನಿಯೋಡೈಮಿಯಂ ಕಾಂತಗಳು. ಫಲಕದ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು: 'ಚಾರ್ಜ್ ಬೇಡದ ಡ್ರೋನ್ – ಹಾರುತ್ತಲೇ ವಿದ್ಯುತ್ ಉತ್ಪಾದನೆ'.

ವಿವರಣೆ ಸರಳವಾಗಿತ್ತು. ಬ್ಯಾಟರಿಯಿಂದ ಮೋಟರು ತಿರುಗುತ್ತದೆ; ಮೋಟರಿನ ಜೊತೆ ಕಾಂತ ತಿರುಗುತ್ತದೆ; ಕಾಂತ ತಿರುಗಿದರೆ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ ಎಂದು ಫ್ಯಾರಡೆ ಹೇಳಿದ್ದಾನೆ; ಆ ವಿದ್ಯುತ್ತನ್ನು ಬ್ಯಾಟರಿಗೆ ಮರಳಿ ಕೊಟ್ಟರೆ ಡ್ರೋನ್ ಇಳಿಯಬೇಕಾದ ಅಗತ್ಯವೇ ಇಲ್ಲ. ಮಲ್ಟಿಮೀಟರ್ 12 ವೋಲ್ಟ್ ತೋರಿಸುತ್ತಿತ್ತು. ನೋಡುತ್ತಿದ್ದವರು ತಲೆದೂಗಿದರು. ಮಾದರಿಗೆ ಎರಡನೆಯ ಬಹುಮಾನ ಬಂತು. ಅಂಕ ಕೊಟ್ಟವರಲ್ಲಿ ನಾನೂ ಒಬ್ಬ ಎಂಬುದನ್ನು ಮೊದಲೇ ಒಪ್ಪಿಕೊಂಡು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದಂತೆ ನಾವು ಅಂಕ ಕೊಟ್ಟಿದ್ದೆವು. ಬಹುಮಾನ ವಿತರಣೆಯಾದ ಮೇಲೆ ಮಕ್ಕಳ ಟಿಪ್ಪಣಿ ಪುಸ್ತಕವನ್ನು ತಿರುವಿ ಹಾಕಿದೆ. ಒಂದು ಪುಟದಲ್ಲಿ ಪೆನ್ಸಿಲಿನಿಂದ ಬರೆದ ಎರಡು ಸಾಲುಗಳಿದ್ದವು. ಕಾಂತ ಮತ್ತು ಪುಟ್ಟ ಮೋಟರುಗಳಿಲ್ಲದೆ ಡ್ರೋನ್‌ನ ತೂಕ 1100 ಗ್ರಾಂ, ಹಾರಾಟ 9 ನಿಮಿಷ. ಅವುಗಳನ್ನು ಜೋಡಿಸಿದ ಮೇಲೆ ತೂಕ 1280 ಗ್ರಾಂ, ಹಾರಾಟ 6 ನಿಮಿಷ. ಫಲಕದಲ್ಲಿ ಈ ಅಂಕಿಗಳು ಇರಲಿಲ್ಲ. ಕೇಳಿದೆ. "ಅದು ಬೇಡ ಅಂದ್ರು ಸರ್, ಮಾರ್ಕ್ಸ್ ಹೋಗುತ್ತೆ ಅಂತ" ಎಂದ ಹುಡುಗ.

ಇಡೀ ಪ್ರದರ್ಶನದಲ್ಲಿ ಅಳತೆ ಮಾಡಿ ಪಡೆದ ಅತ್ಯಂತ ಬೆಲೆಯುಳ್ಳ ಫಲಿತಾಂಶ ಆ ಎರಡು ಸಾಲುಗಳಲ್ಲಿತ್ತು. ಅದನ್ನೇ ಮುಚ್ಚಿಟ್ಟಿದ್ದರು. ಆ ಅಂಕಿಗಳು ಏನು ಹೇಳುತ್ತವೆ ಎಂದು ಈಗ ನೋಡೋಣ.

ಮೊದಲು ಫ್ಯಾರಡೆಯ ಮಾತು. 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಹಿಡಿದದ್ದು ಸರಿಯೇ: ಸುರುಳಿಯೊಂದರ ಮೂಲಕ ಹಾಯುವ ಕಾಂತಕ್ಷೇತ್ರ ಬದಲಾಗುತ್ತಿದ್ದರೆ ಅದರಲ್ಲಿ ವಿದ್ಯುತ್ ಪ್ರೇರಣೆಯಾಗುತ್ತದೆ. ಆದರೆ ಮೂರು ವರ್ಷಗಳ ನಂತರ, 1834ರಲ್ಲಿ, ಲೆನ್ಸ್ ಸೇರಿಸಿದ ಮಾತನ್ನು ನಮ್ಮ ಮಾದರಿಗಳು ಸಾಮಾನ್ಯವಾಗಿ ಮರೆತುಬಿಡುತ್ತವೆ. ಹೀಗೆ ಹುಟ್ಟಿದ ವಿದ್ಯುತ್ಪ್ರವಾಹವು ತನ್ನನ್ನು ಹುಟ್ಟಿಸಿದ ಚಲನೆಯನ್ನೇ ವಿರೋಧಿಸುತ್ತದೆ. ವಿದ್ಯುತ್ ಬೇಕೆಂದರೆ ಆ ವಿರೋಧವನ್ನು ಮೀರಿ ತಿರುಗಿಸಬೇಕು. ತಿರುಗಿಸಲು ಮಾಡಿದ ಕೆಲಸವೇ ವಿದ್ಯುತ್ತಾಗಿ ಹೊರಬರುತ್ತದೆ. ಕಾಂತ ಇಲ್ಲಿ ಬೀಸುವ ಕಲ್ಲಿದ್ದಂತೆ. ರಾಗಿ ಹಿಟ್ಟಾಗುವುದು ಕಲ್ಲಿನಿಂದಲೇ ಆದರೂ, ಬೀಸುವುದು ಕೈ.

ಡೈನಮೋ ಇದ್ದ ಸೈಕಲ್ ತುಳಿದ ಹಿರಿಯರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕತ್ತಲಾದಾಗ ಡೈನಮೋವನ್ನು ಚಕ್ರಕ್ಕೆ ಒತ್ತಿದ ಕೂಡಲೇ ಪೆಡಲು ಭಾರವಾಗುತ್ತಿತ್ತು. ಅದು ಕೊಡುತ್ತಿದ್ದುದು 3 ವ್ಯಾಟ್ ಮಾತ್ರ. ಆದರೂ ಮಡಿಕೇರಿಯಂಥ ಏರುದಾರಿಯ ಊರಿನಲ್ಲಿ ದೀಪ ಆರಿಸಿಕೊಂಡೇ ತುಳಿಯುವ ಆಸೆಯಾಗುತ್ತಿತ್ತು. ಶಾಲೆಯಲ್ಲಿ ತೋರಿಸಲು ಇನ್ನೂ ಸುಲಭದ ಪ್ರಯೋಗವಿದೆ. ಒಂದು ಮೀಟರ್ ಉದ್ದದ ತಾಮ್ರದ ಕೊಳವೆಯನ್ನು ನೆಟ್ಟಗೆ ಹಿಡಿದು, ಒಳಗೆ ನಿಯೋಡೈಮಿಯಂ ಕಾಂತದ ಗುಂಡನ್ನು ಬಿಡಿ. ಅಷ್ಟೇ ಗಾತ್ರದ ಕಬ್ಬಿಣದ ಗುಂಡು ಅರ್ಧ ಸೆಕೆಂಡಿನೊಳಗೆ ಕೆಳಗೆ ಬೀಳುತ್ತದೆ. ಕಾಂತವಾದರೋ ನಿಧಾನವಾಗಿ, ಎಣ್ಣೆಯಲ್ಲಿ ಇಳಿದಂತೆ, ಹಲವು ಸೆಕೆಂಡುಗಳ ನಂತರ ಹೊರಬರುತ್ತದೆ. ತಾಮ್ರಕ್ಕೆ ಕಾಂತ ಅಂಟುವುದಿಲ್ಲ. ಕೊಳವೆಯ ಗೋಡೆಯಲ್ಲಿ ಹುಟ್ಟಿದ ಪ್ರವಾಹ ಅದನ್ನು ತಡೆದು ಹಿಡಿಯುತ್ತದೆ. ಡ್ರೋನ್‌ನ ದಂಡಕ್ಕೆ ಕಾಂತ ಕಟ್ಟಿ ವಿದ್ಯುತ್ ತೆಗೆದಾಗಲೂ ಇದೇ ತಡೆ ಪ್ರೊಪೆಲ್ಲರಿನ ಮೇಲೆ ಬೀಳುತ್ತದೆ.

ಮಲ್ಟಿಮೀಟರಿನ 12 ವೋಲ್ಟ್ ಸುಳ್ಳೇ? ಸುಳ್ಳಲ್ಲ. ಆದರೆ ಅದು ಪೂರ್ತಿ ಮಾತಲ್ಲ. ವೋಲ್ಟೇಜ್ ಎಂದರೆ ತೊಟ್ಟಿಯ ಎತ್ತರ ಇದ್ದಂತೆ. ನಲ್ಲಿ ತಿರುಗಿಸದೆ ಎಷ್ಟು ನೀರು ಬರುತ್ತದೆಂದು ತಿಳಿಯುವುದಿಲ್ಲ. ಮಲ್ಟಿಮೀಟರ್ ತಾನಾಗಿ ಬಹುಮಟ್ಟಿಗೆ ಪ್ರವಾಹವನ್ನೇ ತೆಗೆದುಕೊಳ್ಳುವುದಿಲ್ಲವಾದ್ದರಿಂದ ಲೆನ್ಸನ ತಡೆಯೂ ಆಗ ಕಾಣಿಸದು. ಅಂದು ಮಕ್ಕಳೊಡನೆ ಕುಳಿತು ಹೊರೆ ಜೋಡಿಸಿ ಅಳೆದೆವು. ಸಣ್ಣ ಬಲ್ಬುಗಳನ್ನು ಸೇರಿಸುತ್ತ ಹೋದಂತೆ ವೋಲ್ಟೇಜ್ ಕುಸಿಯಿತು, ಪ್ರೊಪೆಲ್ಲರಿನ ಸದ್ದು ಕಿವಿಗೇ ತಿಳಿಯುವಷ್ಟು ತಗ್ಗಿತು. ನಾಲ್ಕೂ ಪುಟ್ಟ ಮೋಟರುಗಳಿಂದ ಸೇರಿ ಸಿಕ್ಕಿದ ಗರಿಷ್ಠ ಸಾಮರ್ಥ್ಯ 6 ವ್ಯಾಟ್.

ಈಗ ಪೆನ್ಸಿಲಿನ ಆ ಎರಡು ಸಾಲುಗಳಿಗೆ ಬರೋಣ. ಡ್ರೋನ್‌ನ ಬ್ಯಾಟರಿ 11.1 ವೋಲ್ಟ್, 2200 ಮಿಲಿಆಂಪಿಯರ್-ಗಂಟೆ. ಎಂದರೆ ಸುಮಾರು 24.4 ವ್ಯಾಟ್-ಗಂಟೆ. ಲಿಥಿಯಂ ಪಾಲಿಮರ್ ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಬಾರದು. ನೂರಕ್ಕೆ 80 ಭಾಗ ಬಳಸಿದರೆ 19.5 ವ್ಯಾಟ್-ಗಂಟೆ. ಇದು 9 ನಿಮಿಷ ಬಂದರೆ ಸರಾಸರಿ ವೆಚ್ಚ 130 ವ್ಯಾಟ್. 6 ನಿಮಿಷಕ್ಕೇ ಮುಗಿದರೆ 195 ವ್ಯಾಟ್. 'ವಿದ್ಯುತ್ ಉತ್ಪಾದಿಸುವ' ಸಲಕರಣೆಯನ್ನು ಹೊತ್ತ ಮೇಲೆ ಹೆಚ್ಚುವರಿ ಖರ್ಚು 65 ವ್ಯಾಟ್. ಬಂದ ಆದಾಯ 6 ವ್ಯಾಟ್.

ಈ 65 ವ್ಯಾಟ್ ಎಲ್ಲಿಗೆ ಹೋಯಿತು? ಇಲ್ಲಿ ಲೆಕ್ಕ ಬಹಳ ಚೆನ್ನಾಗಿ ಕೂಡುತ್ತದೆ. ನಿಂತಲ್ಲೇ ತೇಲುವ ಯಂತ್ರ ಗಾಳಿಯನ್ನು ಕೆಳಕ್ಕೆ ನೂಕಿ ತನ್ನ ತೂಕವನ್ನು ಹೊರುತ್ತದೆ. ತೂಕ ಹೆಚ್ಚಾದರೆ ಗಾಳಿಯನ್ನು ಹೆಚ್ಚು ನೂಕಬೇಕು, ಹೆಚ್ಚು ವೇಗವಾಗಿಯೂ ನೂಕಬೇಕು. ಹೀಗಾಗಿ ಬೇಕಾಗುವ ಸಾಮರ್ಥ್ಯ ತೂಕದ ಜೊತೆ ನೇರವಾಗಿ ಏರುವುದಿಲ್ಲ, ತೂಕದ ಒಂದೂವರೆ ಘಾತಕ್ಕೆ ಅನುಗುಣವಾಗಿ ಏರುತ್ತದೆ. ಅದೇ ಪ್ರೊಪೆಲ್ಲರುಗಳಲ್ಲಿ ತೂಕ ನಾಲ್ಕು ಪಟ್ಟಾದರೆ ಸಾಮರ್ಥ್ಯ ಎಂಟು ಪಟ್ಟು ಬೇಕು. 1100 ಗ್ರಾಂ 1280 ಆದಾಗ ಈ ನಿಯಮದಂತೆ 130 ವ್ಯಾಟ್ ಇದ್ದದ್ದು 163 ಆಗಬೇಕು. ಅಂದರೆ 33 ವ್ಯಾಟ್ ಬರೀ ಹೊರುವ ಕೂಲಿ. ಉಳಿದ 32 ವ್ಯಾಟ್ ರಬ್ಬರ್ ಉಂಗುರದ ಘರ್ಷಣೆ, ಕಾಂತದ ಎಳೆತ, ಗಾಳಿಯ ದಾರಿಗೆ ಬಂದ ಅಡ್ಡಿ ಇವುಗಳ ಪಾಲು. ಹತ್ತನೆಯ ತರಗತಿಯ ಮಕ್ಕಳ ಅಳತೆ ಸೂತ್ರದೊಡನೆ ಇಷ್ಟು ಹೊಂದಿಕೊಂಡರೆ ಯಾವ ಅಧ್ಯಾಪಕರೂ ಹೆಮ್ಮೆಪಡಬೇಕಾದದ್ದು.

ಇದು ಕೈಕೆಲಸದ ದೋಷ, ಚೆನ್ನಾಗಿ ಮಾಡಿದ್ದರೆ ಗೆಲ್ಲುತ್ತಿತ್ತು ಎಂದು ಯಾರಾದರೂ ಹೇಳಬಹುದು. ಆಗಲಿ, ಕಂಪನಿಯಲ್ಲಿ ತಯಾರಾದ ಉತ್ತಮ ಭಾಗಗಳನ್ನೇ ಹಾಕೋಣ. ಬ್ಯಾಟರಿಯಿಂದ 100 ವ್ಯಾಟ್ ಹೊರಟರೆ ಒಳ್ಳೆಯ ಮೋಟರು 85 ವ್ಯಾಟ್‌ನಷ್ಟನ್ನು ದಂಡಕ್ಕೆ ಕೊಡುತ್ತದೆ. ಅಷ್ಟನ್ನೂ ಸಣ್ಣ ವಿದ್ಯುಜ್ಜನಕಕ್ಕೆ ಕೊಟ್ಟರೆ, ನೂರಕ್ಕೆ 80ರ ದಕ್ಷತೆಯಲ್ಲಿ 68 ಬರುತ್ತದೆ. ಬ್ಯಾಟರಿಗೆ ತುಂಬುವಾಗ ಇನ್ನೊಂದು ಹತ್ತರಷ್ಟು ಹೋಗಿ ಉಳಿಯುವುದು 61. ನೂರು ಕೊಟ್ಟು ಅರವತ್ತೊಂದು ಪಡೆದಾಯಿತು. ಪ್ರೊಪೆಲ್ಲರಿಗೆ ಇನ್ನೂ ಏನೂ ಸಿಕ್ಕಿಲ್ಲ, ಡ್ರೋನ್ ನೆಲದ ಮೇಲೆಯೇ ಇದೆ. ದಕ್ಷತೆಯನ್ನು ನೂರಕ್ಕೆ ನೂರು ಎಂದಿಟ್ಟುಕೊಂಡರೂ ಕೊಟ್ಟಷ್ಟೇ ಮರಳುತ್ತದೆ. ಹಾರಲು ಬೇಕಾದದ್ದು ಬೇರೆಲ್ಲಿಂದಲೋ ಬರಬೇಕು.

ವಿದ್ಯುಜ್ಜನಕವನ್ನು ದಂಡಕ್ಕೆ ಕಟ್ಟದೆ ಪ್ರೊಪೆಲ್ಲರಿನ ಕೆಳಗೆ ಪುಟ್ಟ ಗಾಳಿಯಂತ್ರ ಇಟ್ಟು, 'ವ್ಯರ್ಥವಾಗುವ' ಗಾಳಿಯಿಂದ ವಿದ್ಯುತ್ ತೆಗೆಯುವ ಸಲಹೆಯೂ ಆಗಾಗ ಬರುತ್ತದೆ. ಆ ಗಾಳಿ ವ್ಯರ್ಥವಲ್ಲ. ಕೆಳಕ್ಕೆ ರಭಸದಿಂದ ಹೋಗುತ್ತಿರುವ ಆ ಗಾಳಿಯೇ ಡ್ರೋನನ್ನು ಎತ್ತಿ ಹಿಡಿದಿರುವುದು. ಅದನ್ನು ಡ್ರೋನ್‌ಗೇ ಬಿಗಿದ ಚಕ್ರದಿಂದ ತಡೆದರೆ ಎತ್ತುಬಲ ಅಷ್ಟು ಕಡಿಮೆಯಾಗುತ್ತದೆ. ತಾನು ನಿಂತ ಚಾಪೆಯನ್ನು ತಾನೇ ಎಳೆದುಕೊಂಡಂತೆ.

ಇನ್ನು ಕಾಂತದ ಬಗ್ಗೆಯೇ ಇರುವ ಒಂದು ಭ್ರಮೆ. 'ಇಷ್ಟು ಬಲವಾಗಿ ಹಿಡಿಯುವ ಕಾಂತದಲ್ಲಿ ಎಷ್ಟು ಶಕ್ತಿ ಇರಬೇಕು!' ಎಂದು ಜನ ಬೆರಗಾಗುತ್ತಾರೆ. 1980ರ ದಶಕದ ಆರಂಭದಲ್ಲಿ ಜಪಾನಿನ ಮಸಾತೊ ಸಗಾವಾ ಮತ್ತು ಅಮೆರಿಕದ ಜನರಲ್ ಮೋಟರ್ಸ್‌ನ ಜಾನ್ ಕ್ರೋಟ್ ಬೇರೆ ಬೇರೆಯಾಗಿ ರೂಪಿಸಿದ ನಿಯೋಡೈಮಿಯಂ-ಕಬ್ಬಿಣ-ಬೋರಾನ್ ಕಾಂತ ನಿಜಕ್ಕೂ ಅಸಾಧಾರಣ ವಸ್ತು. ಆದರೆ ಬಲ ಬೇರೆ, ಶಕ್ತಿ ಬೇರೆ. ಗೋಡೆಗೆ ಹೊಡೆದ ಮೊಳೆ ವರ್ಷಗಟ್ಟಲೆ ಚಿತ್ರಪಟವನ್ನು ಹಿಡಿದಿರುತ್ತದೆ. ಅದಕ್ಕೆ ಯಾರೂ ಊಟ ಹಾಕುವುದಿಲ್ಲ, ಅದು ಕೆಲಸವನ್ನೂ ಮಾಡುವುದಿಲ್ಲ. ಒಂದು ಕಿಲೋಗ್ರಾಂ ಉತ್ತಮ ನಿಯೋಡೈಮಿಯಂ ಕಾಂತ ತನ್ನ ಹೊರಗಿನ ಕ್ಷೇತ್ರದಲ್ಲಿ ಹಿಡಿದಿಡಬಲ್ಲ ಶಕ್ತಿ ಸುಮಾರು 25ರಿಂದ 30 ಜೂಲ್. ತನ್ನನ್ನು ತಾನೇ ಮೂರು ಮೀಟರ್ ಎತ್ತಿಕೊಳ್ಳಲೂ ಅದು ಸಾಲದು. ಒಂದು ಕಿಲೋಗ್ರಾಂ ಲಿಥಿಯಂ ಬ್ಯಾಟರಿಯಲ್ಲಿ 200 ವ್ಯಾಟ್-ಗಂಟೆ ಎಂದರೆ 7,20,000 ಜೂಲ್ ಇರುತ್ತದೆ. ಕಾಂತ ಇಂಧನವಲ್ಲ.

ಅಷ್ಟಕ್ಕೂ ಡ್ರೋನ್‌ನಲ್ಲಿ ಕಾಂತ ಇಲ್ಲವೆಂದು ಯಾರು ಹೇಳಿದರು? ಆ ಮಕ್ಕಳು ಬಳಸಿದ ಬಗೆಯ ಬ್ರಷ್‌ರಹಿತ ಮೋಟರೊಂದರ ಹೊರಕವಚದ ಒಳಗೋಡೆಯಲ್ಲಿ ಸಾಮಾನ್ಯವಾಗಿ 14 ಕಾಂತದ ಹಲ್ಲೆಗಳಿರುತ್ತವೆ. ನಾಲ್ಕು ಮೋಟರಿಗೆ 56. ಇವು ಇಲ್ಲದಿದ್ದರೆ ಇಷ್ಟು ಹಗುರವಾದ, ಇಷ್ಟು ದಕ್ಷವಾದ ಮೋಟರು ಸಾಧ್ಯವೇ ಆಗುತ್ತಿರಲಿಲ್ಲ. ಡ್ರೋನ್ ಎಂಬ ಯಂತ್ರವೇ ಈ ರೂಪದಲ್ಲಿ ಬರುತ್ತಿರಲಿಲ್ಲ. ಕಾಂತ ತಾನು ಮಾಡಬಹುದಾದ ಕೆಲಸವನ್ನು ಆಗಲೇ ಮಾಡುತ್ತಿದೆ.

ಹೊರಗಿನಿಂದ ಮತ್ತಷ್ಟು ಕಾಂತ ಅಂಟಿಸುವುದರಲ್ಲಿ ಅಪಾಯವೂ ಇದೆ. ಡ್ರೋನ್ ತನ್ನ ದಿಕ್ಕನ್ನು ಒಂದು ಪುಟ್ಟ ಕಾಂತಮಾಪಕದಿಂದ ತಿಳಿಯುತ್ತದೆ. ದಕ್ಷಿಣ ಭಾರತದಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 40 ಮೈಕ್ರೊಟೆಸ್ಲಾ. ಕಾಂತೀಯ ಸಮಭಾಜಕ ವೃತ್ತ ನಮಗೆ ಹತ್ತಿರದಲ್ಲೇ ಹಾಯುತ್ತದೆ. 1963ರಲ್ಲಿ ರಾಕೆಟ್ ಉಡಾವಣೆಗೆ ತುಂಬಾವನ್ನು ಆರಿಸಿಕೊಂಡದ್ದು ಈ ಕಾರಣಕ್ಕೇ. ಒಂದು ಘನ ಸೆಂಟಿಮೀಟರ್ ಗಾತ್ರದ ನಿಯೋಡೈಮಿಯಂ ಕಾಂತ 10 ಸೆಂಟಿಮೀಟರ್ ದೂರದಲ್ಲಿ ತನ್ನ ಅಕ್ಷದ ನೇರದಲ್ಲಿ ಉಂಟುಮಾಡುವ ಕ್ಷೇತ್ರ 200 ಮೈಕ್ರೊಟೆಸ್ಲಾ, ಅಂದರೆ ಭೂಮಿಯದರ ಐದು ಪಟ್ಟು. ಅಂಥ ಕಾಂತಗಳು ಪಕ್ಕದಲ್ಲೇ ತಿರುಗುತ್ತಿದ್ದರೆ ಕಾಂತಮಾಪಕಕ್ಕೆ ಉತ್ತರ ಯಾವುದು ದಕ್ಷಿಣ ಯಾವುದು ಎಂದೇ ತಿಳಿಯದು. ಆ ಮಾದರಿ ಹಾರುವಾಗ ಒಂದೇ ಸಮನೆ ಸುತ್ತು ಹಾಕುತ್ತಿತ್ತು. 'ಗಾಳಿಗೆ ಹೀಗಾಗುತ್ತದೆ' ಎಂದು ಸಮಜಾಯಿಷಿ ಕೊಟ್ಟಿದ್ದರು. ಅಂದು ಎಲೆ ಅಲುಗುವಷ್ಟೂ ಗಾಳಿ ಇರಲಿಲ್ಲ.

ಶಾಲೆಯ ಮಾದರಿಯೊಂದಕ್ಕೆ ಇಷ್ಟು ಚರ್ಚೆ ಬೇಕೇ ಎನ್ನಬಹುದು. ಕೊಡಗಿನಲ್ಲಿ ಡ್ರೋನ್ ಈಗ ಆಟದ ಸಾಮಾನಲ್ಲ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಸುತ್ತ ಗುಡ್ಡಗಳು ಜಾರಿ ದಾರಿಗಳು ಕಡಿದುಹೋದವು. 2020ರ ಆಗಸ್ಟಿನಲ್ಲಿ ತಲಕಾವೇರಿಯ ಬಳಿ ಬ್ರಹ್ಮಗಿರಿ ಕುಸಿದು ಅರ್ಚಕರ ಮನೆಗಳು ಮಣ್ಣಿನಡಿ ಸೇರಿದವು. ಕಾಲಿಡಲಾಗದ ಅಂಥ ಜಾಗದ ಮೇಲೆ ಕಣ್ಣು ಹಾಯಿಸುವ ಯಂತ್ರ ಎಷ್ಟು ನಿಮಿಷ ನಿಲ್ಲಬಲ್ಲದು ಎಂಬುದು ಪ್ರಾಣದ ಪ್ರಶ್ನೆ. 9 ನಿಮಿಷ ಹಾರುವ ಯಂತ್ರವನ್ನು 'ಗಂಟೆಗಟ್ಟಲೆ ಹಾರುತ್ತದೆ' ಎಂದು ನಂಬಿ ಕಣಿವೆಯ ಆಚೆಗೆ ಕಳುಹಿಸಿದರೆ ಯಂತ್ರವೂ ಹೋಯಿತು, ಸಮಯವೂ ಹೋಯಿತು.

ತೋಟಗಾರರ ವಿಷಯ ಇನ್ನೊಂದು. ಕೇಂದ್ರ ಸರ್ಕಾರ 2023ರ ನವೆಂಬರಿನಲ್ಲಿ ಒಪ್ಪಿದ ನಮೋ ಡ್ರೋನ್ ದೀದಿ ಯೋಜನೆಯಲ್ಲಿ ದೇಶದ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಸಿಂಪಡಣೆಯ ಡ್ರೋನ್ ಕೊಡುವ ಗುರಿಯಿತ್ತು. ಬೆಲೆಯ ನೂರಕ್ಕೆ 80 ಭಾಗ, 8 ಲಕ್ಷ ರೂಪಾಯಿ ಮೀರದಂತೆ, ಸಹಾಯಧನ. ಉಳಿದದ್ದು ಸಂಘದ ಸಾಲ. ಹೀಗೆ ಸಾಲ ಮಾಡಿ ಯಂತ್ರ ಕೊಳ್ಳುವವರ ಮುಂದೆ ಮಾರಾಟಗಾರನೊಬ್ಬ 'ಇದು ಹಾರುತ್ತಲೇ ಅರ್ಧ ಚಾರ್ಜ್ ಆಗುತ್ತದೆ' ಎಂದರೆ ಪ್ರಶ್ನೆ ಕೇಳುವ ಶಕ್ತಿ ಯಾರಿಗಿರಬೇಕು? ಶಾಲೆಯಲ್ಲಿ ಇದೇ ಮಾತಿಗೆ ಬಹುಮಾನ ಕೊಡುವುದನ್ನು ನೋಡಿದ ತಾಯಿಗೆ ಇರುವುದಿಲ್ಲ.

ಅಂಥ ಯಂತ್ರದ ಲೆಕ್ಕವನ್ನೂ ಮಾಡಿಬಿಡೋಣ. 10 ಲೀಟರ್ ಔಷಧಿ ತುಂಬಿದ ಆರು ಪ್ರೊಪೆಲ್ಲರುಗಳ ಡ್ರೋನ್‌ನ ಒಟ್ಟು ತೂಕ 25 ಕಿಲೋಗ್ರಾಂ, ಪ್ರತಿ ಪ್ರೊಪೆಲ್ಲರಿನ ವ್ಯಾಸ 75 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಸಮುದ್ರಮಟ್ಟದಿಂದ ಸುಮಾರು 1150 ಮೀಟರ್ ಎತ್ತರದ ಮಡಿಕೇರಿಯಲ್ಲಿ, 20 ಡಿಗ್ರಿ ತಾಪದಲ್ಲಿ, ಒಂದು ಘನ ಮೀಟರ್ ಗಾಳಿಯ ತೂಕ 1.05 ಕಿಲೋಗ್ರಾಂ. ಯಾವ ನಷ್ಟವೂ ಇಲ್ಲದ ಆದರ್ಶ ಯಂತ್ರಕ್ಕೇ ತೇಲಲು 1600 ವ್ಯಾಟ್ ಬೇಕು. ಪ್ರೊಪೆಲ್ಲರು, ಮೋಟರು, ನಿಯಂತ್ರಕಗಳ ನಷ್ಟ ಸೇರಿದರೆ ಅದು ಸರಿಸುಮಾರು ಎರಡು ಪಟ್ಟು, 3200 ವ್ಯಾಟ್. 44.4 ವೋಲ್ಟಿನ, 16 ಆಂಪಿಯರ್-ಗಂಟೆಯ ಬ್ಯಾಟರಿ ಜೋಡಿಯಲ್ಲಿ ಇರುವುದು 710 ವ್ಯಾಟ್-ಗಂಟೆ. ಹನ್ನೊಂದು ನಿಮಿಷಕ್ಕೆ ಇಳಿಯಲೇಬೇಕು. ಅದೇ ಯಂತ್ರ ಮಂಗಳೂರಿನ ಕರಾವಳಿಯಲ್ಲಿ, 30 ಡಿಗ್ರಿ ಬಿಸಿಲಿನಲ್ಲೂ, ನೂರಕ್ಕೆ 5ರಷ್ಟು ಕಡಿಮೆ ಸಾಮರ್ಥ್ಯದಲ್ಲಿ ತೇಲುತ್ತದೆ. ಬೆಟ್ಟದ ಮೇಲೆ ಗಾಳಿ ತೆಳು. ಔಷಧಿ ಖಾಲಿಯಾಗುತ್ತ ಹೋದಂತೆ ತೂಕ ಇಳಿದು ಸ್ವಲ್ಪ ಸಮಯ ಹೆಚ್ಚು ಸಿಗುವುದುಂಟು. ಆದರೆ ಈ ಲೆಕ್ಕದಲ್ಲಿ ಕಾಂತ ಬಂದು ಸೇರುವ ಜಾಗವೇ ಇಲ್ಲ.

(ಬೇರೊಂದು ಮಾತು. ಕೊಡಗಿನ ಕಾಫಿ ನೆರಳಿನ ಮರಗಳ ಅಡಿಯಲ್ಲಿ ಬೆಳೆಯುತ್ತದೆ. ಮೇಲಿನಿಂದ ಸಿಂಪಡಿಸಿದ ಬೋರ್ಡೋ ದ್ರಾವಣ ಮೊದಲು ಬೀಳುವುದು ಸಿಲ್ವರ್ ಓಕ್‌ನ ಎಲೆಗೆ, ಕಾಫಿ ಗಿಡಕ್ಕಲ್ಲ. ಹಾರಾಟದ ಅವಧಿಗಿಂತ ದೊಡ್ಡ ಈ ತೊಡಕಿನ ಬಗ್ಗೆ ಮಾದರಿ ಮಾಡುವ ಮಕ್ಕಳಿದ್ದರೆ ನಾನು ಮೊದಲ ಬಹುಮಾನವನ್ನೇ ಕೊಡುತ್ತೇನೆ.)

ಇಳಿಯುವಾಗಲಾದರೂ ವಿದ್ಯುತ್ತನ್ನು ಮರಳಿ ಪಡೆಯಬಹುದಲ್ಲ, ವಿದ್ಯುತ್ ರೈಲಿನಂತೆ? ತತ್ತ್ವತಃ ಸರಿ. 25 ಕಿಲೋಗ್ರಾಂ ಯಂತ್ರ 30 ಮೀಟರ್ ಎತ್ತರದಿಂದ ಇಳಿದಾಗ ಬಿಡುಗಡೆಯಾಗುವ ಶಕ್ತಿ 7350 ಜೂಲ್, ಎಂದರೆ 2 ವ್ಯಾಟ್-ಗಂಟೆ. 710ರಲ್ಲಿ 2. ಅದೂ ಪೂರ್ತಿ ಸಿಕ್ಕರೆ. ವಿಮಾನಗಳಲ್ಲಿ ತುರ್ತಿಗೆಂದು ಹೊರಚಾಚುವ ಪುಟ್ಟ ಗಾಳಿಚಕ್ರ ಇರುವುದು ನಿಜ. 1983ರ ಜುಲೈಯಲ್ಲಿ ಏರ್ ಕೆನಡಾದ ಬೋಯಿಂಗ್ 767 ಒಂದು ಆಕಾಶದಲ್ಲೇ ಇಂಧನ ಮುಗಿದು ಗಿಮ್ಲಿಯಲ್ಲಿ ತೇಲುತ್ತ ಇಳಿದಾಗ ನಿಯಂತ್ರಣಗಳಿಗೆ ಬಲ ಕೊಟ್ಟದ್ದು ಅದೇ. ಆದರೆ ಆ ಚಕ್ರ ವಿಮಾನದ ಎತ್ತರವನ್ನು ಖರ್ಚು ಮಾಡುತ್ತಿತ್ತು. ವಿಮಾನ ಇಳಿಯುತ್ತಲೇ ಇತ್ತು.

ಕಾಂತದಿಂದ ಪುಕ್ಕಟೆ ಶಕ್ತಿ ತೆಗೆಯುವ ಆಸೆ ನಮ್ಮ ಹಳ್ಳಿಗಳದು ಮಾತ್ರವಲ್ಲ. ಐರ್ಲೆಂಡಿನ ಸ್ಟಿಯಾರ್ನ್ ಎಂಬ ಕಂಪನಿ 2006ರಲ್ಲಿ 'ದಿ ಇಕನಾಮಿಸ್ಟ್' ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಕಾಂತಗಳ ಜೋಡಣೆಯಿಂದ ಉಚಿತ ಶಕ್ತಿ ಪಡೆದಿದ್ದೇವೆ, ಪರೀಕ್ಷಿಸಿ ಎಂದು ವಿಜ್ಞಾನಿಗಳಿಗೆ ಸವಾಲು ಹಾಕಿತು. 2007ರಲ್ಲಿ ಲಂಡನ್ನಿನಲ್ಲಿ ಏರ್ಪಡಿಸಿದ ಪ್ರದರ್ಶನ ನಡೆಯಲೇ ಇಲ್ಲ. 2009ರಲ್ಲಿ ಕಂಪನಿಯೇ ಒಪ್ಪಿದ ಪರೀಕ್ಷಕರ ಮಂಡಳಿ, ಶಕ್ತಿ ಉತ್ಪಾದನೆಗೆ ಯಾವ ಸಾಕ್ಷ್ಯವನ್ನೂ ತೋರಿಸಿಲ್ಲ ಎಂದು ಒಮ್ಮತದಿಂದ ಹೇಳಿತು. ನಮ್ಮ 1970ರ ಪೇಟೆಂಟ್ ಕಾಯಿದೆಯ 3ನೆಯ ವಿಧಿ ತನ್ನ ಮೊದಲ ಉಪವಿಧಿಯಲ್ಲೇ, ಸ್ಥಾಪಿತ ನಿಸರ್ಗ ನಿಯಮಗಳಿಗೆ ಸ್ಪಷ್ಟವಾಗಿ ವಿರುದ್ಧವಾದ ಹಕ್ಕುಸಾಧನೆಯನ್ನು ಆವಿಷ್ಕಾರವೆಂದು ಪರಿಗಣಿಸುವುದಿಲ್ಲ. ಫಲಕದ ಕೆಳಗೆ 'ಪೇಟೆಂಟಿಗೆ ಅರ್ಜಿ ಹಾಕಲಾಗುವುದು' ಎಂದು ಬರೆಸಿದ ಮಾರ್ಗದರ್ಶಕರು ಇದನ್ನು ಓದಿದ್ದರೆ ಚೆನ್ನಾಗಿತ್ತು.

ಹಾಗಾದರೆ ಕಾಂತ ಮತ್ತು ಸುರುಳಿಯಿಂದ ಡ್ರೋನ್‌ಗೆ ವಿದ್ಯುತ್ ಸಿಗುವ ದಾರಿಯೇ ಇಲ್ಲವೇ? ಇದೆ. ಡೆನ್ಮಾರ್ಕಿನ ಸದರ್ನ್ ಡೆನ್ಮಾರ್ಕ್ ವಿಶ್ವವಿದ್ಯಾನಿಲಯದ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಡ್ರೋನ್ ಒಂದು ವಿದ್ಯುತ್ ತಂತಿಗೆ ತಾನೇ ಜೋತುಬಿದ್ದು, ತಂತಿಯ ಸುತ್ತಲಿನ ಬದಲಾಗುವ ಕಾಂತಕ್ಷೇತ್ರದಿಂದ ಬ್ಯಾಟರಿ ತುಂಬಿಕೊಂಡು ಮತ್ತೆ ಹಾರಿತು. ಹೀಗೆ ಎರಡು ಗಂಟೆಗೂ ಹೆಚ್ಚು ಕಾಲ ಮನುಷ್ಯರ ಸಹಾಯವಿಲ್ಲದೆ ನಡೆಯಿತು. ಫ್ಯಾರಡೆಯ ನಿಯಮವೇ, ಅಚ್ಚುಕಟ್ಟಾಗಿ. ಆದರೆ ಶಕ್ತಿ ಬಂದದ್ದು ತಂತಿಯಲ್ಲಿ ಹರಿಯುತ್ತಿದ್ದ ವಿದ್ಯುತ್ತಿನಿಂದ. ಕೊಡಗಿನಲ್ಲಿ ಯಾರಾದರೂ ಹಾಗೆ ಮಾಡಿದರೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ ಬಿಲ್ಲು ಕಳುಹಿಸುತ್ತದೆ. ಬಿಲ್ಲು ಕಳುಹಿಸುವವರು ಇದ್ದಾರೆಂದರೆ ಶಕ್ತಿಗೆ ಮೂಲವೂ ಇದೆ ಎಂದರ್ಥ.

ಮೂಲ ಯಾವುದು ಎಂಬ ಪ್ರಶ್ನೆಯನ್ನು ಕೊಡಗಿನ ಮಕ್ಕಳಿಗೆ ಕಲಿಸುವುದು ಕಷ್ಟವಾಗಬಾರದು. ತಲಕಾವೇರಿಯಲ್ಲಿ ಹುಟ್ಟಿದ ನದಿಯ ನೀರೇ 1902ರಲ್ಲಿ ಶಿವನಸಮುದ್ರದಲ್ಲಿ ಬಿದ್ದು, ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತಾಗಿ ಹೋಯಿತು. ಅಲ್ಲಿಯೂ ತಿರುಗಿದ್ದು ಕಾಂತವೇ, ವಿದ್ಯುತ್ಕಾಂತ. ಆದರೆ ತಿರುಗಿಸಿದ್ದು ನೀರು. ಹಾರಂಗಿ ಅಣೆಕಟ್ಟಿನ ಬುಡದ ಕಿರು ಘಟಕದಲ್ಲೂ ಹಾಗೆಯೇ. ಮಲೆನಾಡು ಮತ್ತು ಕೊಡಗಿನ ಒಂಟಿಮನೆಗಳ ಹಿತ್ತಲಿನ ತೊರೆಗಳಿಗೆ ಕೂಡಿಸಿದ ಪಿಕೊ ಟರ್ಬೈನುಗಳು ಇನ್ನೂ ಹತ್ತಿರದ ಪಾಠ. ಸೆಕೆಂಡಿಗೆ 5 ಲೀಟರ್ ನೀರು ಕೊಳವೆಯಲ್ಲಿ 40 ಮೀಟರ್ ಎತ್ತರದಿಂದ ಇಳಿದರೆ, ಅರ್ಧದಷ್ಟು ನಷ್ಟವಾದರೂ, ಹತ್ತಿರ ಹತ್ತಿರ ಒಂದು ಕಿಲೊವ್ಯಾಟ್. ಅದು ರಾತ್ರಿಯಿಡೀ 10 ಗಂಟೆ ನಡೆದರೆ 10 ಯೂನಿಟ್. ಚಾರ್ಜರಿನ ನಷ್ಟ ಕಳೆದು ಸಿಂಪಡಣೆಯ ಡ್ರೋನ್‌ನ 12 ಬ್ಯಾಟರಿ ಜೋಡಿಗಳನ್ನು ತುಂಬಿಕೊಳ್ಳಬಹುದು. ಇಲ್ಲಿ ಕಾಂತವೂ ಇದೆ, ಡ್ರೋನೂ ಇದೆ. ಆದರೆ ವಿದ್ಯುಜ್ಜನಕ ನೆಲದ ಮೇಲೆ, ತೊರೆಯ ಪಕ್ಕದಲ್ಲಿದೆ. ಅದನ್ನು ಹೊತ್ತು ಹಾರುವ ಕೂಲಿ ಇಲ್ಲ.

ತೀರ್ಪುಗಾರರಾದ ನಮ್ಮ ಕಡೆಯ ದೋಷವನ್ನು ಸ್ಪಷ್ಟವಾಗಿಯೇ ಹೇಳಬೇಕು. ನಮ್ಮ ಅಂಕಪಟ್ಟಿಯಲ್ಲಿ 'ಹೊಸತನ', 'ಪ್ರಸ್ತುತಿ', 'ಸಾಮಾಜಿಕ ಉಪಯೋಗ' ಇವಕ್ಕೆ ಕಾಲಂ ಇದ್ದವು. 'ಅಳತೆ' ಎಂಬ ಕಾಲಂ ಇರಲಿಲ್ಲ. ಮಾದರಿ ಹೇಳಿದ್ದನ್ನು ಮಾಡುತ್ತದೆಯೇ ಎಂದು ಕೇಳಲು ಜಾಗವೇ ಇಲ್ಲದ ಪಟ್ಟಿಯನ್ನು ಹಿಡಿದು ನಾವು ಐವರು ಅರ್ಧ ದಿನ ಓಡಾಡಿದೆವು. ಫಲಕದ ಮೇಲಿನ ವಾಕ್ಯ ಸುಳ್ಳು. ಪುಸ್ತಕದಲ್ಲಿದ್ದ ಅಂಕಿ ನಿಜ. ನಾವು ಅಂಕ ಕೊಟ್ಟದ್ದು ಫಲಕಕ್ಕೆ. ಅಳೆದು ಬರೆದ ಹುಡುಗನಿಗೆ ಸಿಕ್ಕ ಪಾಠ, ಫಲಿತಾಂಶ ಒಪ್ಪಿಗೆಯಾಗದಿದ್ದರೆ ಅಳಿಸಿಬಿಡಬೇಕು ಎಂಬುದು. ಅದೃಷ್ಟಕ್ಕೆ ಅವನು ಅಳಿಸಿರಲಿಲ್ಲ.

ಎರಡು ವಾರಗಳ ನಂತರ ಆ ಶಾಲೆಗೆ ಮತ್ತೆ ಹೋಗಿ ಇಷ್ಟೂ ಲೆಕ್ಕವನ್ನು ಹಲಗೆಯ ಮೇಲೆ ಮಾಡಿದೆವು. ಫಲಕದ ಶೀರ್ಷಿಕೆಯನ್ನು ಮಕ್ಕಳೇ ಬದಲಿಸಿದರು: 'ಡ್ರೋನ್‌ಗೆ ಕಾಂತ ಕಟ್ಟಿದರೆ ಹಾರಾಟ ಏಕೆ 3 ನಿಮಿಷ ಕಡಿಮೆಯಾಗುತ್ತದೆ?' ತೊರೆಯ ಲೆಕ್ಕ ಅವರಿಗೆ ಹಿಡಿಸಿತು. ಆದರೆ ಒಬ್ಬಳು ಕೂಡಲೇ ಕೇಳಿದಳು: "ಸರ್, ನಮ್ಮ ಮನೆ ಹಿಂದಿನ ತೊರೆ ಫೆಬ್ರವರಿಗೆ ಬತ್ತುತ್ತೆ. ಮದ್ದು ಹೊಡೆಯೋದು ಮಳೆಗೆ ಮೊದಲು, ಮೇ ತಿಂಗಳಲ್ಲಿ. ಆಗ ಎಷ್ಟು ಬ್ಯಾಟರಿ ತುಂಬುತ್ತೆ?" ನನ್ನ ಲೆಕ್ಕದಲ್ಲಿ ಆ ಅಂಶ ಇರಲಿಲ್ಲ. ಒಂದು ಬಕೆಟ್ಟು, ಒಂದು ಗಡಿಯಾರ, ಮತ್ತು ಪ್ರತಿ ಭಾನುವಾರ ನೀರಿನ ಹರಿವು ಬರೆಯಲು ಒಂದು ಪುಸ್ತಕ ಅವಳ ಬಳಿ ಈಗ ಇವೆ.